ಸೊಸೆ ಕಲ್ಲು ಮತ್ತು ಹನ್ನೆರಡು ಅಂಕಗಳು

ಹಾಸನಾಂಬೆಯ ಗುಡಿಯಲ್ಲಿರುವ ಸೊಸೆ ಕಲ್ಲಿನ ಕಥೆಯನ್ನು ಹಾಸನದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಕಥೆ ಒಂದಲ್ಲ, ಎರಡು ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ, ಸೊಸೆಗೆ ಕಾಟ ಕೊಟ್ಟ ಅತ್ತೆಯನ್ನು ದೇವಿ ಶಪಿಸಿ ಕಲ್ಲಾಗಿಸಿದಳು. ಎದುರು ಮನೆಯವರು ಹೇಳುತ್ತಿದ್ದ ಕಥೆಯಲ್ಲಿ, ದಿನವೂ ದರ್ಶನಕ್ಕೆ ಬರುತ್ತಿದ್ದ ಸೊಸೆಯ ಬೆನ್ನಹಿಂದೆಯೇ ಬಂದ ಅತ್ತೆ ಅವಳ ತಲೆಗೆ ಹೊಡೆದಾಗ ಅವಳು ‘ಅಮ್ಮಾ ಹಾಸನಾಂಬೆ’ ಎಂದು ಕೂಗಿಕೊಂಡಳು. ಮರುಗಿದ ದೇವಿ ಆ ಸೊಸೆಯನ್ನೇ ಕಲ್ಲಾಗಿಸಿ, ಇನ್ನಾರೂ ನೋಯಿಸದ ಹಾಗೆ ತನ್ನೆದುರಿನಲ್ಲಿ ಇರಿಸಿಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದವನ್ನು ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಚಿಕ್ಕವಳಿದ್ದಾಗ ಈ ಎರಡರ ನಡುವೆ ನನಗೆ ಏನೂ ಅಂತರ ಕಂಡಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಿದ ಮೇಲೆ, ಇವೆರಡೂ ಬೇರೆ ಬೇರೆ ದೇವರ ಕಥೆಗಳೇನೋ ಎನ್ನುವಷ್ಟು ಅಂತರ ಕಾಣುತ್ತಿದೆ. ಒಂದರಲ್ಲಿ ದೇವಿ ತೀರ್ಪು ಕೊಡುವವಳು, ಇನ್ನೊಂದರಲ್ಲಿ ಆಸರೆಯಾಗುವವಳು. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಮಗುವಿನ ಮನಸ್ಸಿನಲ್ಲಿ ಇವರಿಬ್ಬರಲ್ಲಿ ಯಾರು ಇದ್ದಾರೆ ಎಂಬುದರ ಮೇಲೆ ಆ ಮಗುವಿನ ನಿದ್ದೆ, ಊಟ, ಸೋಲನ್ನು ತಾಳಿಕೊಳ್ಳುವ ಶಕ್ತಿ ಎಲ್ಲವೂ ನಿಂತಿರುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಹೊರಗಿನ ಊರಿನವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಹಾಸನಾಂಬೆ ಇಲ್ಲಿ ಹುತ್ತದ ರೂಪದಲ್ಲಿದ್ದಾಳೆ. ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೆ ಒಮ್ಮೆ, ಆಶ್ವಯುಜ ಮಾಸದ ಹುಣ್ಣಿಮೆ ಕಳೆದ ಮೊದಲ ಗುರುವಾರ; ಬಲಿಪಾಡ್ಯಮಿ ಕಳೆಯುತ್ತಿದ್ದಂತೆ ಮತ್ತೆ ಮುಚ್ಚುತ್ತದೆ. ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಆರುವುದಿಲ್ಲ, ಮುಡಿಸಿದ ಹೂವು ಬಾಡುವುದಿಲ್ಲ ಎಂಬುದು ಜನರ ನಂಬಿಕೆ. ಉತ್ಸವ ಮುಗಿದು ಹುಂಡಿಯ ಹಣ ಎಣಿಸುವಾಗ ನೋಟುಗಳ ನಡುವೆ ಚೀಟಿಗಳು ಸಿಗುತ್ತವೆ, ಅವುಗಳಲ್ಲಿ ಕೆಲವು ಪತ್ರಿಕೆಗಳಲ್ಲೂ ಅಚ್ಚಾಗುತ್ತವೆ. ಸಾಲ ತೀರಲಿ, ಮದುವೆಯಾಗಲಿ ಎನ್ನುವ ಕೋರಿಕೆಗಳ ಜೊತೆಗೆ ಪರೀಕ್ಷೆಯಲ್ಲಿ ಪಾಸು ಮಾಡಿಸು ಎಂದು ಮಕ್ಕಳು ಬರೆದ ಚೀಟಿಗಳೂ ಇರುತ್ತವೆ. ಓದಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಪ್ಪನಿಗೆ, ಮೇಷ್ಟರಿಗೆ, ಹಾಸ್ಟೆಲಿನ ವಾರ್ಡನ್‌ಗೆ ಹೇಳಿಕೊಳ್ಳಲಾಗದ ಭಯವನ್ನು ನೋಟುಪುಸ್ತಕದ ಹಾಳೆಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಅಲ್ಲಿಗೆ ತಂದು ಹಾಕಿದ ಮಗುವಿಗೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಹತ್ತು ವರ್ಷಕ್ಕೂ ಹಿಂದಿನ ಮಾತು. ದ್ವಿತೀಯ ಪಿಯುಸಿಯಲ್ಲಿ ಅರಕಲಗೂಡು ಕಡೆಯ ಹಳ್ಳಿಯ ಒಬ್ಬ ಹುಡುಗಿ ಇದ್ದಳು. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ನನ್ನ ವಿಷಯದಲ್ಲಿ ನೂರಕ್ಕೆ 31 ಬಂತು. ಪಾಸಾಗಲು 35 ಬೇಕಾಗಿತ್ತು. ತರಗತಿಯಲ್ಲಿ ಉತ್ತರ ಪತ್ರಿಕೆ ಹಂಚಿದಾಗ ಅವಳು ಪುಟ ತಿರುಗಿಸಿ ನೋಡಿ, ಸಹಿ ಹಾಕಿ ಹಿಂದಿರುಗಿಸಿದಳು. ಅನುತ್ತೀರ್ಣರಾದವರ ಪೋಷಕರನ್ನು ಕರೆಸಬೇಕೆಂಬ ನಿಯಮವಿದ್ದುದರಿಂದ ಅವಳ ತಂದೆ ಒಂದು ದಿನದ ಕೂಲಿ ಬಿಟ್ಟು ಬಂದು, ಪ್ರಾಂಶುಪಾಲರ ಕೊಠಡಿಯ ಹೊರಗಿನ ಬೆಂಚಿನ ತುದಿಯಲ್ಲಿ ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ‘ಅವಳ ಹಣೇಲಿ ಬರೆದಿದ್ದು ಇಷ್ಟೇ ಏನೋ ಮೇಡಂ’ ಎಂದರು. ನಾನು ಸಮಾಧಾನ ಹೇಳುವ ಉತ್ಸಾಹದಲ್ಲಿ, ಹಣೆಬರಹ ಏನಿಲ್ಲ, ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಓದಿದರೆ ಬಂದೇ ಬರುತ್ತದೆ, ಓದಿಲ್ಲ ಅಷ್ಟೆ ಎಂದುಬಿಟ್ಟೆ. ಅವರ ಪಕ್ಕದಲ್ಲಿ ನಿಂತಿದ್ದ ಮಗಳು ತಲೆ ತಗ್ಗಿಸಿದಳು.

ಜನವರಿಯಲ್ಲಿ ಅಂಕಪಟ್ಟಿಯ ವಹಿಯನ್ನು ಸರಿಪಡಿಸಲು ಕುಳಿತಾಗ ಅವಳ ಪತ್ರಿಕೆ ಮತ್ತೆ ನನ್ನ ಕೈಗೆ ಬಂತು. ಕೊನೆಯಲ್ಲಿ ದಾರದಿಂದ ಕಟ್ಟಿದ್ದ ಅಡಿಷನಲ್ ಶೀಟಿನಲ್ಲಿ ಮೂರು ಉತ್ತರಗಳಿದ್ದವು. ಮೂರಕ್ಕೂ ನಾನೇ ಕೆಂಪು ಶಾಯಿಯಲ್ಲಿ ಅಂಕ ಕೊಟ್ಟಿದ್ದೆ: ಐದು, ನಾಲ್ಕು, ಮೂರು. ಆ ಹನ್ನೆರಡು ಅಂಕಗಳನ್ನು ಮುಖಪುಟದ ಮೊತ್ತಕ್ಕೆ ಸೇರಿಸಿರಲಿಲ್ಲ. ಅವಳಿಗೆ ಬರಬೇಕಾಗಿದ್ದುದು 43. ನನ್ನ ಕೈ ತಣ್ಣಗಾಯಿತು. ಅವಳನ್ನು ಸ್ಟಾಫ್ ರೂಮಿಗೆ ಕರೆಸಿ, ತಪ್ಪು ನನ್ನದೆಂದು ಹೇಳಿ, ನೀನು ಇದನ್ನು ನೋಡಲಿಲ್ಲವೇ ಎಂದು ಕೇಳಿದೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ನೋಡಿದ್ದೆ ಮೇಡಂ’ ಎಂದಳು. ಮತ್ತೇಕೆ ಕೇಳಲಿಲ್ಲ ಎಂದರೆ, ಅವಳು ಕೊಟ್ಟ ಕಾರಣ ಇದು: ಎಸ್ಸೆಸ್ಸೆಲ್ಸಿ ಪಾಸಾದರೆ ಹಾಸನಾಂಬೆಗೆ ಸೀರೆ ಉಡಿಸಿ ಮಡಿಲಕ್ಕಿ ತುಂಬುತ್ತೇನೆಂದು ಹರಕೆ ಹೊತ್ತಿದ್ದಳು. ಪಾಸಾದಳು. ಆ ವರ್ಷ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಮನೆಯಲ್ಲಿ ಬಿಡಿಗಾಸೂ ಇರಲಿಲ್ಲ, ಮರುವರ್ಷವೂ ಆಗಲಿಲ್ಲ. ಹಾಸ್ಟೆಲಿನಿಂದ ಕಾಲೇಜಿಗೆ ಬರುವಾಗ ಗುಡಿಯ ದಾರಿಯನ್ನೇ ತಪ್ಪಿಸಿ ಸುತ್ತು ಹಾಕಿ ಬರುತ್ತಿದ್ದಳಂತೆ. ‘ತಾಯಿ ಅಂಕ ಕಿತ್ತುಕೊಂಡಿದಾಳೆ ಅನ್ನಿಸ್ತು. ಅದನ್ನ ಹೋಗಿ ನಿಮ್ಮ ಹತ್ರ ಕೇಳಿದ್ರೆ ಇನ್ನೂ ತಪ್ಪಾಗುತ್ತೇನೋ ಅಂತ ಸುಮ್ಮನಾದೆ.’

ಹನ್ನೆರಡು ಅಂಕಗಳನ್ನು ಎಣಿಸದೆ ಬಿಟ್ಟವಳು ನಾನು, ಅದಕ್ಕೆ ಪಾಪಿಯಾದವಳು ಅವಳು. ಮೂರು ತಿಂಗಳ ಕಾಲ ಆ ಹುಡುಗಿ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಸೋಮವಾರ ಶುಕ್ರವಾರಗಳಲ್ಲಿ ಊಟ ಬಿಡುತ್ತಿದ್ದಳು ಎಂದು ಅವಳ ಕೋಣೆಯ ಗೆಳತಿಯಿಂದ ತಿಳಿಯಿತು. ಜಗತ್ತಿನಲ್ಲಿ ನ್ಯಾಯವಿದೆ ಎಂಬ ನಂಬಿಕೆ ಅವಳಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಕಣ್ಣೆದುರೇ ಇದ್ದ ಅನ್ಯಾಯವನ್ನು ಒಪ್ಪಿಕೊಳ್ಳುವುದಕ್ಕಿಂತ ತನ್ನಲ್ಲೇ ಒಂದು ಅಪರಾಧವನ್ನು ಹುಡುಕಿಕೊಳ್ಳುವುದು ಅವಳಿಗೆ ಸುಲಭವಾಗಿತ್ತು.

ಈ ಮನಸ್ಸಿನ ನಡೆಗೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆ ಪ್ರಸಂಗ ಮನಸ್ಸನ್ನು ಬಿಡದೆ ಕಾಡಿದ್ದರಿಂದಲೇ ಹುಡುಕಿ ಓದಿದೆ. ಮೆಲ್ವಿನ್ ಲರ್ನರ್ ಎಂಬ ವಿದ್ವಾಂಸರು ಇದನ್ನು ‘ಜಗತ್ತು ನ್ಯಾಯವಾಗಿದೆ ಎಂಬ ನಂಬಿಕೆ’ ಎಂದು ಕರೆದರು. 1966 ರಲ್ಲಿ ಅವರು ಮತ್ತು ಕ್ಯಾರೊಲಿನ್ ಸಿಮನ್ಸ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ಒಂದು ದೃಶ್ಯವನ್ನು ತೋರಿಸಲಾಯಿತು: ತಮ್ಮಂತೆಯೇ ಇರುವ ಒಬ್ಬಳು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ತಿನ ಆಘಾತಕ್ಕೆ ಒಳಗಾಗುತ್ತಿದ್ದಾಳೆ. ಅದು ನಿಜವಲ್ಲ, ಅಭಿನಯ. ನೋಡುವವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವಳನ್ನು ಆ ನೋವಿನಿಂದ ಬಿಡಿಸುವ ಅವಕಾಶ ಸಿಕ್ಕಾಗ ನೋಡುತ್ತಿದ್ದವರು ಬಿಡಿಸಿದರು. ಬಿಡಿಸುವ ದಾರಿಯಿಲ್ಲ, ಅವಳ ನೋವು ಮುಂದುವರಿಯುತ್ತದೆ ಎಂದಾದಾಗ, ಅವರ ಕಣ್ಣಿನಲ್ಲಿ ಅವಳೇ ಕೀಳಾಗತೊಡಗಿದಳು. ಏನೂ ತಪ್ಪು ಮಾಡದವಳು ಸುಮ್ಮನೆ ನರಳುತ್ತಿದ್ದಾಳೆ ಎಂಬುದನ್ನು ತಾಳಲಾರದ ಮನಸ್ಸು, ನರಳುವುದಕ್ಕೆ ತಕ್ಕವಳನ್ನಾಗಿ ಅವಳನ್ನು ಮಾಡಿಬಿಟ್ಟಿತು. ‘ಓದಿಲ್ಲ ಅಷ್ಟೆ’ ಎಂದು ಆ ತಂದೆಯ ಎದುರು ನಾನು ಹೇಳಿದಾಗ ನನ್ನೊಳಗೆ ಕೆಲಸ ಮಾಡಿದ್ದೂ ಇದೇ. ಆ ಹುಡುಗಿಯ ಕಷ್ಟ ಇನ್ನೂ ಹೆಚ್ಚಿನದು. ಅಲ್ಲಿ ನರಳಿದವಳೂ ಅವಳೇ, ನೋಡಿ ತೀರ್ಪು ಕೊಟ್ಟವಳೂ ಅವಳೇ.

ದೇವರ ಮೇಲಿನ ಶ್ರದ್ಧೆಗೂ ಈ ನಂಬಿಕೆಗೂ ನಂಟಿದೆ. ಝಿಕ್ ರೂಬಿನ್ ಮತ್ತು ಆನ್ ಪೆಪ್ಲೋ 1975 ರಲ್ಲಿ ಬರೆದ ಲೇಖನವೊಂದರಲ್ಲಿ, ಧಾರ್ಮಿಕ ಶ್ರದ್ಧೆ ಹೆಚ್ಚಿರುವವರಲ್ಲಿ ಜಗತ್ತು ನ್ಯಾಯವಾಗಿದೆ ಎಂಬ ಭಾವನೆಯೂ ಹೆಚ್ಚಾಗಿ ಕಂಡುಬರುತ್ತದೆ ಎಂದು ತೋರಿಸಿದ್ದರು. ನಮ್ಮ ಊರಿನಲ್ಲಿ ಇದಕ್ಕೆ ಪುರಾವೆ ಬೇಕಾಗಿಲ್ಲ. ಆದರೆ ಇಲ್ಲಿಂದ ಮುಂದಿನ ಹೆಜ್ಜೆಯನ್ನು ಅವಸರದಲ್ಲಿ ಇಡಬಾರದು. ಹಾಗಾದರೆ ಭಕ್ತಿಯೇ ಮಕ್ಕಳಿಗೆ ಕೇಡು, ಅದನ್ನು ಬಿಡಿಸಬೇಕು ಎನ್ನುವವರು ನನ್ನ ಸಹೋದ್ಯೋಗಿಗಳಲ್ಲೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಮುಂಜಾನೆ ಐದಕ್ಕೆ ಎದ್ದು ದೀಪ ಹಚ್ಚಿ ಓದಲು ಕೂರುವ ಮಗು, ಶುಕ್ರವಾರದ ನಮಾಜಿಗೆ ಗೆಳೆಯರ ಜೊತೆ ಹೋಗಿ ಹಗುರಾಗಿ ಬರುವ ಮಗು, ಭಾನುವಾರ ಚರ್ಚಿನಲ್ಲಿ ಹಾಡುವ ಮಗು, ಇವರಿಗೆಲ್ಲ ದಿನಕ್ಕೊಂದು ಕ್ರಮ ಸಿಗುತ್ತದೆ, ತಮ್ಮವರೆನ್ನುವ ನಾಲ್ಕು ಜನ ಸಿಗುತ್ತಾರೆ, ಅಂಕಪಟ್ಟಿಯ ಆಚೆಗೂ ತಾನು ಬೇಕಾದವನು ಎಂಬ ಭಾವ ಸಿಗುತ್ತದೆ. ಇವಕ್ಕೆಲ್ಲ ಬದಲಿಯಾಗಿ ಕೊಡಲು ನಮ್ಮ ಕಾಲೇಜುಗಳ ಬಳಿ ಏನೂ ಇಲ್ಲ.

ಕೆನೆತ್ ಪರ್ಗಮೆಂಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು 1998 ರಲ್ಲಿ, ಕಾಲೇಜು ವಿದ್ಯಾರ್ಥಿಗಳೂ ಸೇರಿದಂತೆ ಸಂಕಟದಲ್ಲಿದ್ದ ಹಲವರನ್ನು ಅಧ್ಯಯನ ಮಾಡಿ, ಜನ ಕಷ್ಟಕಾಲದಲ್ಲಿ ದೇವರನ್ನು ನೆನೆಯುವ ಎರಡು ಬಗೆಗಳನ್ನು ಬೇರ್ಪಡಿಸಿದರು. ಮೊದಲನೆಯದು ದೇವರ ಪ್ರೀತಿಯನ್ನು, ಜೊತೆಯನ್ನು ಅರಸುವ ಬಗೆ. ಎರಡನೆಯದರಲ್ಲಿ ಮನುಷ್ಯ, ದೇವರು ತನ್ನನ್ನು ಕೈಬಿಟ್ಟನೇ, ತನ್ನ ಭಕ್ತಿ ಸಾಲದೆಂದು ಶಿಕ್ಷಿಸುತ್ತಿದ್ದಾನೆಯೇ, ತಾನು ಏನು ಮಾಡಿದೆನೆಂದು ಹೀಗಾಯಿತು ಎಂದು ಒಳಗೊಳಗೇ ಬೇಯುತ್ತಾನೆ. ಈ ಎರಡನೆಯ ಬಗೆ ಹೆಚ್ಚಿದ್ದವರಲ್ಲಿ ಮಾನಸಿಕ ಯಾತನೆಯೂ ಹೆಚ್ಚಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ಸೊಸೆ ಕಲ್ಲಿನ ಎರಡು ಕಥೆಗಳು. ಶಪಿಸುವ ದೇವಿ, ಮಡಿಲಿಗೆ ಎಳೆದುಕೊಳ್ಳುವ ದೇವಿ. ಗುಡಿ ಒಂದೇ, ಕಲ್ಲೂ ಒಂದೇ. ಮಗುವಿಗೆ ಯಾವ ಕಥೆಯನ್ನು ಹೇಳಿ ಬೆಳೆಸಿದ್ದೇವೆ ಎಂಬುದು ನಮ್ಮ ಮೇಲಿದೆ.

ನ್ಯಾಯದ ಮೇಲಿನ ನಂಬಿಕೆಯೂ ಹೀಗೆಯೇ ಎರಡು ಕವಲಾಗುತ್ತದೆ. ಜರ್ಮನಿಯ ಕ್ಲೌಡಿಯಾ ಡಾಲ್ಬರ್ಟ್ ಅವರು ‘ಜಗತ್ತಿನಲ್ಲಿ ಎಲ್ಲರಿಗೂ ತಕ್ಕದ್ದೇ ಸಿಗುತ್ತದೆ’ ಎಂಬ ಸಾಮಾನ್ಯ ನಂಬಿಕೆಯನ್ನೂ ‘ನನ್ನ ಬದುಕಿನಲ್ಲಿ ನನಗೆ ಸಾಮಾನ್ಯವಾಗಿ ನ್ಯಾಯ ಸಿಗುತ್ತದೆ’ ಎಂಬ ಸ್ವಂತ ಅನುಭವದ ನಂಬಿಕೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕೆಂದು ತೋರಿಸಿಕೊಟ್ಟರು. ಮನಸ್ಸಿನ ನೆಮ್ಮದಿಯೊಂದಿಗೆ ಹೆಚ್ಚು ಗಟ್ಟಿಯಾಗಿ ಹೆಣೆದುಕೊಂಡಿರುವುದು ಎರಡನೆಯದು. ಮೊದಲನೆಯದು ಅತಿಯಾದರೆ ಸೋತವರನ್ನು, ಬಡವರನ್ನು ಕಠಿಣವಾಗಿ ನೋಡುವ ಕಡೆಗೆ ಜಾರುತ್ತದೆ. ಡಾಲ್ಬರ್ಟ್ ಅವರೊಂದಿಗೆ ಸೇರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರೊಬ್ಬರು ಭಾರತದ ಶಾಲಾಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2012 ರಲ್ಲಿ ಪ್ರಕಟವಾಯಿತು. ತನಗೆ ನ್ಯಾಯ ಸಿಗುತ್ತದೆಂಬ ನಂಬಿಕೆ, ಶಿಕ್ಷಕರು ನ್ಯಾಯವಾಗಿ ನಡೆದುಕೊಳ್ಳುತ್ತಾರೆಂಬ ಅನುಭವ, ಶಾಲೆಯಲ್ಲಿ ಮಗುವಿನ ನೆಮ್ಮದಿ, ಈ ಮೂರೂ ಒಂದಕ್ಕೊಂದು ಕೂಡಿಕೊಂಡಿರುವುದು ಜರ್ಮನಿಯ ಮಕ್ಕಳಲ್ಲಿ ಹೇಗೋ ನಮ್ಮ ಮಕ್ಕಳಲ್ಲೂ ಹಾಗೆಯೇ ಕಂಡುಬಂತು. ಮನೆಯ ಧರ್ಮ, ಭಾಷೆ, ಸಂಸ್ಕೃತಿ ಎಲ್ಲ ಬೇರೆಯಾಗಿದ್ದರೂ, ಮೇಷ್ಟರು ನನ್ನನ್ನು ಸರಿಯಾಗಿ ನೋಡಿಕೊಂಡರೇ ಎಂಬ ಪ್ರಶ್ನೆ ಎಲ್ಲ ಮಕ್ಕಳಿಗೂ ಒಂದೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾವು ಕಚೇರಿಗಳ ಬಗ್ಗೆ, ಗುಮಾಸ್ತರ ಬಗ್ಗೆ ಹೇಳುತ್ತಿರುತ್ತೇವೆ. ತರಗತಿಯಲ್ಲಿ ಪೂಜಾರಿ ನಾವೇ ಎಂಬುದು ನಮಗೆ ಹೊಳೆಯುವುದಿಲ್ಲ. ಮಗುವಿನ ಪಾಲಿಗೆ ನ್ಯಾಯವೆಂಬುದು ಮೊದಲು ಕಾಣಿಸಿಕೊಳ್ಳುವುದು ಪರಲೋಕದಲ್ಲಲ್ಲ. ಯಾರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರು, ಯಾರ ಹೆಸರನ್ನು ನೆನಪಿಟ್ಟುಕೊಂಡರು, ತಡವಾಗಿ ಬಂದದ್ದಕ್ಕೆ ಯಾರನ್ನು ಹೊರಗೆ ನಿಲ್ಲಿಸಿ ಯಾರನ್ನು ಒಳಗೆ ಬಿಟ್ಟರು, ಆಂತರಿಕ ಅಂಕಗಳನ್ನು ಹೇಗೆ ಹಂಚಿದರು ಎಂಬುದರಲ್ಲಿ. ಹಾಸನಾಂಬೆಯ ದರ್ಶನದ ಸಾಲೂ ಮಕ್ಕಳಿಗೆ ಒಂದು ಪಾಠವೇ. ಇತ್ತೀಚಿನ ವರ್ಷಗಳಲ್ಲಿ ಧರ್ಮದರ್ಶನದ ಸಾಲಿನ ಪಕ್ಕದಲ್ಲಿ 300 ರೂಪಾಯಿಯ ಸಾಲು, 1000 ರೂಪಾಯಿಯ ಸಾಲು, ಅದಕ್ಕೂ ಮೀರಿದ ಗಣ್ಯರ ದಾರಿ ಎಲ್ಲವೂ ಇದ್ದವು. ಧರ್ಮದರ್ಶನದಲ್ಲಿ ಐದಾರು ಗಂಟೆ ನಿಂತ ವಿದ್ಯಾರ್ಥಿಯೊಬ್ಬ, ದೇವಿ ಎಲ್ಲರಿಗೂ ಒಂದೇ ಅಲ್ಲವೇ ಮೇಡಂ ಎಂದು ನನ್ನನ್ನು ಕೇಳಿದ್ದ. ದೇವಿ ಒಂದೇ ಎಂದೆ. ಸಾಲುಗಳ ಬಗ್ಗೆ ಅವನು ಮುಂದೆ ಕೇಳಲಿಲ್ಲ, ನಾನೂ ಹೇಳಲಿಲ್ಲ; ಹೇಳಬೇಕಾಗಿತ್ತು.

2016 ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಬಯಲಾದ ಸಂಗತಿ ಆ ವರ್ಷದ ಮಕ್ಕಳಿಗೆ ಈಗಲೂ ಮರೆತಿರಲಾರದು. ಮಾರ್ಚ್ 21 ರಂದು ಬರೆದ ಪರೀಕ್ಷೆ ರದ್ದಾಯಿತು. ಮಾರ್ಚ್ 31 ಕ್ಕೆ ಇಟ್ಟ ಮರುಪರೀಕ್ಷೆಯ ಪತ್ರಿಕೆಯೂ ಬಯಲಾಗಿ, ಮಕ್ಕಳು ಕೇಂದ್ರಗಳಿಗೆ ಹೊರಟು ಬಂದ ಮೇಲೆ ಮುಂದಕ್ಕೆ ಹೋಯಿತು. ಕೊನೆಗೆ ಏಪ್ರಿಲ್ 12 ರಂದು ಬರೆಸಲಾಯಿತು. ಎರಡನೆಯ ಬಾರಿ ಸುದ್ದಿ ಬಂದ ಬೆಳಿಗ್ಗೆ ನಾನು ಕಾಲೇಜಿನ ಅಂಗಳದಲ್ಲಿದ್ದೆ. ಹೆಣ್ಣುಮಕ್ಕಳು ಅಳುತ್ತಿದ್ದರು, ಕೆಲವು ಹುಡುಗರು ಪುಸ್ತಕ ಎಸೆದಿದ್ದರು. ಪೆನ್ಷನ್ ಮೊಹಲ್ಲಾದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ, ಐದು ಹೊತ್ತಿನ ನಮಾಜು ತಪ್ಪಿಸದವನು, ಮರದ ಕೆಳಗೆ ಒಬ್ಬನೇ ಕುಳಿತು ಪ್ರವೇಶಪತ್ರವನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನೊಳಗೆ ಹಾಕುತ್ತಿದ್ದ. ಬೇಸರವಾಯಿತೇನಪ್ಪ ಎಂದು ಕೇಳಿದೆ. ‘ಮೇಲಿರೋನು ನೋಡ್ತಾ ಇದಾನೆ ಮೇಡಂ, ಅದರಲ್ಲಿ ಅನುಮಾನ ಇಲ್ಲ. ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ’ ಎಂದ.

ಆ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಅರಕಲಗೂಡಿನ ಹುಡುಗಿಗೂ ಈ ಹುಡುಗನಿಗೂ ಶ್ರದ್ಧೆಯಲ್ಲಿ ಹೆಚ್ಚು ಕಡಿಮೆ ಇರಲಿಲ್ಲ. ಅವಳು ಮನುಷ್ಯರ ತಪ್ಪನ್ನು ದೇವರ ಲೆಕ್ಕಕ್ಕೆ ಬರೆದು, ಅದರ ಸಾಲವನ್ನು ತಾನು ಹೊತ್ತಳು. ಅವನು ದೇವರದ್ದನ್ನು ದೇವರಿಗೆ ಬಿಟ್ಟು, ಮನುಷ್ಯರದ್ದನ್ನು ಮನುಷ್ಯರ ತಲೆಗೇ ಕಟ್ಟಿದ. ಏಪ್ರಿಲ್ 12 ರಂದು ಅವನು ನೆಮ್ಮದಿಯಾಗಿ ಬಂದು ಪರೀಕ್ಷೆ ಬರೆದು ಹೋದ. ಅವನ ಮನೆಯಲ್ಲಿ ಯಾರೋ ಅವನಿಗೆ ಈ ಭೇದವನ್ನು ಕಲಿಸಿರಬೇಕು, ಅವರನ್ನು ನಾನು ಕಂಡಿಲ್ಲ. 2024 ರಲ್ಲಿ ನೀಟ್ ಫಲಿತಾಂಶ ಬಂದು, 67 ಮಂದಿಗೆ ಪೂರ್ಣ 720 ಅಂಕ ಬಂದದ್ದೂ ಕೃಪಾಂಕ ಪಡೆದಿದ್ದ 1563 ಮಂದಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟದ್ದೂ ದೊಡ್ಡ ಗದ್ದಲವಾದಾಗ, ನಮ್ಮ ವಿಜ್ಞಾನ ವಿಭಾಗದ ಮಕ್ಕಳ ಮುಖಗಳಲ್ಲಿ ನಾನು ಹುಡುಕಿದ್ದು ಇದನ್ನೇ: ಇವರಲ್ಲಿ ಎಷ್ಟು ಮಂದಿ ತಮ್ಮನ್ನೇ ದೂರಿಕೊಳ್ಳುತ್ತಿದ್ದಾರೆ?

ಕರ್ಮದ ಮಾತನ್ನು ಇಲ್ಲಿ ಎತ್ತದೆ ಬಿಟ್ಟರೆ ತಪ್ಪಾಗುತ್ತದೆ, ಏಕೆಂದರೆ ನಮ್ಮಲ್ಲಿ ಎಲ್ಲ ದುರದೃಷ್ಟಕ್ಕೂ ಕೊಡುವ ಉತ್ತರ ಅದೇ. ನನ್ನ ಜೊತೆ ಇತಿಹಾಸ ಕಲಿಸುತ್ತಿದ್ದ, ಶ್ರವಣಬೆಳಗೊಳದ ಕಡೆಯ ಜೈನ ಮನೆತನದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಆ ಹುಡುಗಿಯ ವಿಷಯ ಹೇಳಿಕೊಂಡಿದ್ದೆ. ಅವರ ಧರ್ಮದಲ್ಲಿ ಶಿಕ್ಷೆ ಕೊಡಲು ಕಾದು ಕುಳಿತ ಸೃಷ್ಟಿಕರ್ತನಿಲ್ಲ. ಕರ್ಮವೆಂಬುದು ಜೀವಕ್ಕೆ ಅಂಟಿಕೊಳ್ಳುವ ಒಂದು ದ್ರವ್ಯ. ಎಂಟು ಬಗೆಯ ಕರ್ಮಗಳಲ್ಲಿ ಒಂದರ ಹೆಸರು ಜ್ಞಾನಾವರಣೀಯ, ಅರಿವನ್ನು ಮುಚ್ಚುವಂಥದ್ದು. ‘ಆದರೆ ಮುಚ್ಚಿದ್ದನ್ನು ತೆಗೆಯಬಹುದು ಅಂತಲೇ ಅಲ್ಲವೇನಮ್ಮ ಇಡೀ ಧರ್ಮ ಇರೋದು? ನಿರ್ಜರೆ ಅಂದರೆ ಕಳಚಿಕೊಳ್ಳೋದು. ನಮ್ಮ ಜನ ಅಂಟೋದನ್ನು ಮಾತ್ರ ನೆನಪಿಟ್ಟುಕೊಂಡು, ಕಳಚೋದನ್ನ ಮರೆತುಬಿಟ್ಟರು’ ಎಂದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯೂ ಹಾಗೆಯೇ. ಮುಂದೆ ಮಾಡಬೇಕಾದುದರ ಬಗ್ಗೆ ಎಚ್ಚರವಾಗಿ ಅದನ್ನು ಹೇಳಿದರೆ ಅದರಲ್ಲಿ ಬಲವಿದೆ. ಆಗಿಹೋದ ಸೋಲಿಗೆ ವಿವರಣೆಯಾಗಿ, ಅದೂ ಸೋತವರ ಮುಖದೆದುರು ಹೇಳಿದರೆ, ಅದು ಕಲ್ಲು ಎಸೆದ ಹಾಗೆ. ಅದನ್ನು ನಾನು ಹಾಗೆಯೇ ಎಸೆದಿದ್ದೆ.

ಈ ಜಿಲ್ಲೆಯಲ್ಲಿ ಫಲಿತಾಂಶದ ಹೆಮ್ಮೆಯೂ ದೊಡ್ಡದು. 2019 ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗ ಎಲ್ಲರೂ ಸಿಹಿ ಹಂಚಿದೆವು, ನಾನೂ ಹಂಚಿದೆ. ಆ ಹೆಮ್ಮೆಯ ನೆರಳಿನಲ್ಲಿ ನಪಾಸಾದ ಮಗು ಒಂಟಿಯಾಗುತ್ತದೆ. ದೇಶದಲ್ಲಿ 2022 ರ ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ ಹೇಳುತ್ತದೆ. ಎಲ್ಲಕ್ಕೂ ಪರೀಕ್ಷೆ ಕಾರಣವಲ್ಲ, ಆದರೂ ಆ ಸಂಖ್ಯೆಯನ್ನು ಓದಿದ ಮೇಲೆ, ಮಗು ‘ನನ್ನದೇ ತಪ್ಪು, ದೇವರೂ ಕೈಬಿಟ್ಟ’ ಎಂದು ಹೇಳಿದರೆ ಅದನ್ನು ಭಕ್ತಿಯ ಮಾತೆಂದು ಕೇಳಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ನಮ್ಮ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದೇನೆ. ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಹಲಗೆ ಒರೆಸುವ ಮಕ್ಕಳು ಆ ಮೂಲೆಯನ್ನು ಬಿಟ್ಟು ಒರೆಸುತ್ತಾರೆ.

ಉಳಿದಂತೆ ನಾನು ಬದಲಿಸಿಕೊಂಡದ್ದು ಸಣ್ಣ ಸಂಗತಿಗಳು. ಉತ್ತರ ಪತ್ರಿಕೆ ಹಂಚಿದ ದಿನ ಪಾಠ ಮಾಡುವುದಿಲ್ಲ. ಯಾವ ಪ್ರಶ್ನೆಗೆ ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದನ್ನು ಹಲಗೆಯ ಮೇಲೆ ಬರೆಯುತ್ತೇನೆ, ಮಕ್ಕಳೇ ಮೊತ್ತವನ್ನು ಕೂಡಿ ನೋಡುತ್ತಾರೆ, ಅಡಿಷನಲ್ ಶೀಟನ್ನು ಬಿಚ್ಚಿ ನೋಡಲೇಬೇಕು. ಮೊದಮೊದಲು ಯಾರೂ ಕೈ ಎತ್ತುತ್ತಿರಲಿಲ್ಲ. ಮೇಷ್ಟರ ತಪ್ಪು ಹಿಡಿಯುವುದು ಪಾಪ ಎನ್ನುವ ಹಾಗೆ ಕೂತಿರುತ್ತಿದ್ದರು. ಈಗ ಪ್ರತಿ ಸಲ ಮೂರು ನಾಲ್ಕು ಮಂದಿ ಬರುತ್ತಾರೆ. ಅರ್ಧದಷ್ಟು ಸಲ ಅವರ ಲೆಕ್ಕವೇ ಸರಿ ಇರುತ್ತದೆ. ಸರಿ ಇಲ್ಲದಿದ್ದಾಗ, ಏಕೆ ಇಲ್ಲ ಎಂಬುದನ್ನು ಕೂತು ವಿವರಿಸುತ್ತೇನೆ, ಅಂಕ ಹೆಚ್ಚಾಗದಿದ್ದರೂ ಆ ಮಕ್ಕಳು ಹಗುರಾಗಿ ಹೋಗುತ್ತಾರೆ. ಬೋರ್ಡ್ ಪರೀಕ್ಷೆಯ ಫಲಿತಾಂಶ ಬಂದಾಗ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದು ಹೇಗೆಂದು ಹಳ್ಳಿಯ ಮಕ್ಕಳಿಗೆ ಜೊತೆಯಲ್ಲಿ ಕೂತು ತೋರಿಸುತ್ತೇನೆ. 2024 ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿರುವುದರಿಂದ, ಒಂದು ಸಲ ಬಿದ್ದವರಿಗೆ ಹೇಳಲು ನನ್ನ ಬಳಿ ಸಮಾಧಾನದ ಮಾತಿಗಿಂತ ಹೆಚ್ಚಿನದು ಇದೆ. ಹರಕೆ ಹೊರಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಹರಕೆ ತೀರಿಸಲು ಆಗದಿದ್ದರೆ ತಾಯಿ ಕಾಯುತ್ತಾಳೆ, ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಸರಿಯುವ ಕಲ್ಲಿಗೇ ಕಾದಿರುವವಳು ನಿನಗೆ ಕಾಯುವುದಿಲ್ಲವೇ ಎಂದು ಮಾತ್ರ ಹೇಳುತ್ತೇನೆ.

ಆ ಹುಡುಗಿಯ ಅಂಕವನ್ನು ವಹಿಯಲ್ಲಿ ತಿದ್ದಿ, ಅವಳ ತಂದೆಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅವರು ಬಹಳ ಸಂಕೋಚಪಟ್ಟು, ‘ನೀವು ಯಾಕೆ ಮೇಡಂ ಹಂಗಂತೀರಿ’ ಎಂದು ಫೋನು ಇಟ್ಟರು. ಅವಳು ಮಾರ್ಚಿನಲ್ಲಿ ಪಾಸಾಗಿ ಪದವಿಗೆ ಸೇರಿದಳು. ಆ ವರ್ಷದ ಆಶ್ವಯುಜದಲ್ಲಿ ಗುಡಿ ತೆರೆದ ಎರಡನೆಯ ದಿನ ಸಂಜೆ, ಅಮ್ಮನನ್ನೂ ತಮ್ಮನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಸೀರೆ, ಮಡಿಲಕ್ಕಿ ಒಪ್ಪಿಸಿ ಬಂದಿದ್ದರು, ಕಾಲು ಊದಿದ್ದವು. ಕುಂಕುಮದ ಪೊಟ್ಟಣ ಕೈಗಿಟ್ಟಳು. ಈ ಸಲ ಏನು ಬೇಡಿಕೊಂಡೆ ಎಂದು ಕೇಳಿದೆ. ‘ಏನೂ ಬೇಡಿಕೊಳ್ಳಲಿಲ್ಲ ಮೇಡಂ. ಹೋದ ವರ್ಷದ್ದೆಲ್ಲ ಹೇಳಿ ಬಂದೆ’ ಎಂದಳು. ಕಾಫಿ ಕುಡಿಯುತ್ತಾ, ಒಂಬತ್ತನೆಯ ತರಗತಿಯಲ್ಲಿದ್ದ ತಮ್ಮನ ಕಡೆ ತಿರುಗಿ, ಇವನ ಶಾಲೆಯಲ್ಲಿ ಅರ್ಧವಾರ್ಷಿಕದ ಗಣಿತದ ಪೇಪರನ್ನು ಇನ್ನೂ ಮಕ್ಕಳ ಕೈಗೇ ಕೊಟ್ಟಿಲ್ಲವಂತೆ, ಬರೀ ಅಂಕ ಓದಿ ಹೇಳಿದ್ದಾರಂತೆ ಎಂದಳು. ರಜೆ ಮುಗಿದ ಮೇಲೆ ತಾನೇ ಹೋಗಿ ಪೇಪರ್ ತೋರಿಸಿ ಎಂದು ಕೇಳುವುದಾಗಿಯೂ, ಹಾಗೆ ಕೇಳುವಾಗ ಮೇಷ್ಟರಿಗೆ ಬೇಸರವಾಗದ ಹಾಗೆ ಹೇಗೆ ಮಾತು ಶುರುಮಾಡಬೇಕೆಂದೂ ನನ್ನನ್ನು ವಿಚಾರಿಸಿದಳು. ಇಬ್ಬರೂ ಕೂತು ಆ ಮಾತನ್ನು ಎರಡು ಮೂರು ರೀತಿಯಲ್ಲಿ ಹೇಳಿ ನೋಡಿದೆವು.